‘ಟೈಮ್ಸ್ ಅಪ್’ ಕೇಳುವುದು ಹೇಗೆ: ಮೆಟಲ್, ಫಂಕ್, ಜಾಝ್ ಬೆರೆತ ಆಲ್ಬಮ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ನ್ಯೂಯಾರ್ಕಿನ ಲಿವಿಂಗ್ ಕಲರ್ ತಂಡದ ‘ಟೈಮ್ಸ್ ಅಪ್’ 1990ರ ಆಗಸ್ಟ್‌ನಲ್ಲಿ ಹೊರಬಂದಿತು. ಒಟ್ಟು 15 ಟ್ರ್ಯಾಕ್‌ಗಳು, ಸುಮಾರು ಒಂದು ಗಂಟೆಯ ಸಂಗೀತ. ಮರುವರ್ಷ ಅದಕ್ಕೆ ಹಾರ್ಡ್ ರಾಕ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು. ತೊಂಬತ್ತರ ದಶಕದ ರಾಕ್ ಆಲ್ಬಮ್‌ಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು ಎಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಆದರೂ ಇದನ್ನು ಮೊದಲ ಸಲ ಕೇಳುವವರಲ್ಲಿ ಹೆಚ್ಚಿನವರು ನಾಲ್ಕನೇ ಹಾಡಿನ ಹೊತ್ತಿಗೆ ಗೊಂದಲಕ್ಕೆ ಬೀಳುತ್ತಾರೆ. ಮೊದಲ ಹಾಡು ಕಿವಿಗಡಚಿಕ್ಕುವ ವೇಗದ ಪಂಕ್, ಎರಡನೆಯದರಲ್ಲಿ ಹಾಡೇ ಇಲ್ಲ, ಬರೀ ಮಾತು. ಮೂರನೆಯದು ಭಾರವಾದ ರಾಕ್, ನಾಲ್ಕನೆಯದು ನಿಧಾನವಾಗಿ ತೂಗುವ ಫಂಕ್. ಇವರು ಯಾವ ಬಗೆಯ ತಂಡ ಎಂದು ತೀರ್ಮಾನಿಸಲಾಗದೆ ಕೇಳುವುದನ್ನು ನಿಲ್ಲಿಸಿಬಿಡುತ್ತಾರೆ.

ಈ ಬರಹ ಅಂಥವರಿಗಾಗಿ. ನನ್ನ ಸಲಹೆಯ ತಿರುಳು ಇಷ್ಟೆ: ಈ ಆಲ್ಬಮ್ಮನ್ನು ಕೆಳಗಿನಿಂದ ಮೇಲಕ್ಕೆ ಕೇಳಬೇಕು. ಮೊದಲು ಡ್ರಮ್ಸ್, ಆಮೇಲೆ ಕೆಳಸ್ವರಗಳ ಗಿಟಾರಾದ ಬೇಸ್, ಆಮೇಲೆ ಗಿಟಾರ್, ಕಟ್ಟಕಡೆಗೆ ಗಾಯನ. ಗಿಟಾರಿನಿಂದ ಆರಂಭಿಸಿದರೆ ಅದರ ಅಬ್ಬರದಲ್ಲಿ ಉಳಿದ ಮೂವರು ಮರೆಯಾಗುತ್ತಾರೆ, ಹಾಡಿನಿಂದ ಹಾಡಿಗೆ ಶೈಲಿ ಬದಲಾಗುವುದರ ಕಾರಣವೂ ತಿಳಿಯುವುದಿಲ್ಲ.

ಹೆಜ್ಜೆ 1: ನಾಲ್ವರ ಪರಿಚಯ ಮಾಡಿಕೊಳ್ಳಿ

ತಂಡವನ್ನು 1984ರಲ್ಲಿ ಕಟ್ಟಿದವನು ಗಿಟಾರ್ ವಾದಕ ವರ್ನನ್ ರೀಡ್. ಹುಟ್ಟಿದ್ದು ಲಂಡನ್ನಿನಲ್ಲಿ, ಕೆರಿಬಿಯನ್ ಮೂಲದ ಕುಟುಂಬದಲ್ಲಿ, ಬೆಳೆದದ್ದು ಬ್ರೂಕ್ಲಿನ್‌ನಲ್ಲಿ. ರಾಕ್ ತಂಡ ಕಟ್ಟುವ ಮೊದಲು ಅವನು ಡ್ರಮ್ಮರ್ ರೊನಾಲ್ಡ್ ಶಾನನ್ ಜಾಕ್ಸನ್‌ನ ‘ಡಿಕೋಡಿಂಗ್ ಸೊಸೈಟಿ’ ಎಂಬ ಜಾಝ್ ತಂಡದಲ್ಲಿ ನುಡಿಸುತ್ತಿದ್ದ. ಆ ಜಾಕ್ಸನ್ ಹಿಂದೆ ಆರ್ನೆಟ್ ಕೋಲ್ಮನ್ ಜೊತೆ ನುಡಿಸಿದವನು. ಜಾಝ್‌ನಲ್ಲಿ ಸ್ವರಮೇಳದ ಕಟ್ಟುಪಾಡುಗಳನ್ನು ಸಡಿಲಿಸಿ, ಪ್ರತಿ ವಾದ್ಯವೂ ತನ್ನದೇ ದಾರಿಯಲ್ಲಿ ರಾಗವನ್ನು ಹೇಳಲು ಬಿಟ್ಟವನು ಕೋಲ್ಮನ್. ರೀಡ್‌ನ ಸೋಲೋಗಳು, ಅಂದರೆ ಗಿಟಾರ್ ಮುಂದೆ ಬಂದು ಒಂಟಿಯಾಗಿ ನುಡಿಯುವ ಭಾಗಗಳು, ಮೊದಲ ಕೇಳಿಕೆಗೆ ಹಳಿ ತಪ್ಪಿದಂತೆ ಅನಿಸುವುದರ ಬೇರು ಇಲ್ಲಿದೆ.

ಡ್ರಮ್ಸ್ ನುಡಿಸುವವನು ಬ್ರಾಂಕ್ಸ್‌ನ ವಿಲ್ ಕಾಲ್ಹೂನ್. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದಿದವನು. ಮೂರನೆಯ ಹಾಡಾದ ‘ಪ್ರೈಡ್’ ಅವನದೇ ರಚನೆ. ಬೇಸ್ ಗಿಟಾರ್ ಮಜ್ ಸ್ಕಿಲಿಂಗ್ಸ್‌ನದು. ಗಾಯಕ ಕೋರಿ ಗ್ಲೋವರ್ ನಟನೂ ಹೌದು. ವಿಯೆಟ್ನಾಂ ಯುದ್ಧದ ಬಗ್ಗೆ ಆಲಿವರ್ ಸ್ಟೋನ್ ಮಾಡಿದ 1986ರ ‘ಪ್ಲಟೂನ್’ ಚಿತ್ರದಲ್ಲಿ ಅವನು ಕಾಣಿಸಿಕೊಂಡಿದ್ದಾನೆ. ಈ ಆಲ್ಬಮ್ಮಿನ ನಿರ್ಮಾಪಕ ಎಡ್ ಸ್ಟೇಸಿಯಮ್, ರಮೋನ್ಸ್ ಎಂಬ ಪಂಕ್ ತಂಡದ ಜೊತೆ ಕೆಲಸ ಮಾಡಿ ಪಳಗಿದವನು. ತಂಡದ ಮೊದಲ ಆಲ್ಬಮ್, 1988ರ ‘ವಿವಿಡ್’ಗೂ ಹೆಚ್ಚಿನಂಶ ಅವನೇ ನಿರ್ಮಾಪಕ.

ಈ ನಾಲ್ವರೂ ಕಪ್ಪು ಜನಾಂಗದವರು ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಎಂಬತ್ತರ ದಶಕದ ಅಮೆರಿಕದಲ್ಲಿ ರಾಕ್ ಎಂದರೆ ಬಿಳಿಯರ ಸಂಗೀತ ಎಂದು ರೆಕಾರ್ಡ್ ಕಂಪನಿಗಳೂ ರೇಡಿಯೋ ಕೇಂದ್ರಗಳೂ ಗೆರೆ ಎಳೆದುಬಿಟ್ಟಿದ್ದವು. ಆ ಗೆರೆಯನ್ನು ಪ್ರಶ್ನಿಸಲು ರೀಡ್, ಲೇಖಕ ಗ್ರೆಗ್ ಟೇಟ್, ನಿರ್ಮಾಪಕಿ ಕೋಂಡಾ ಮೇಸನ್ ಸೇರಿ 1985ರಲ್ಲಿ ನ್ಯೂಯಾರ್ಕಿನಲ್ಲಿ ‘ಬ್ಲ್ಯಾಕ್ ರಾಕ್ ಕೊಯಲಿಷನ್’ ಎಂಬ ಸಂಘಟನೆ ಕಟ್ಟಿದರು. ಬ್ಲೂಸ್, ಜಾಝ್, ಫಂಕ್, ರಾಕ್ ಅಂಡ್ ರೋಲ್, ಹಿಪ್‌ಹಾಪ್ ಎಲ್ಲವೂ ತಮ್ಮ ಹಿರಿಯರ ಮನೆಯಲ್ಲೇ ಹುಟ್ಟಿದವು, ಅದರ ಯಾವ ಕೋಣೆಗೂ ಹೋಗಲು ತಮಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದು ಅವರ ನಿಲುವು. ಈ ಆಲ್ಬಮ್ 15 ಟ್ರ್ಯಾಕ್‌ಗಳಲ್ಲಿ ಇಷ್ಟೊಂದು ಕಡೆ ಹೊರಳುವುದು ಆ ನಿಲುವಿನಿಂದಲೇ.

ಹೆಜ್ಜೆ 2: ಕೇಳುವ ಸಿದ್ಧತೆ

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಆದರೆ ಮೊಬೈಲಿನ ಸ್ವಂತ ಸ್ಪೀಕರಿನಲ್ಲಿ ಕೇಳಬೇಡಿ. ಅಷ್ಟು ಚಿಕ್ಕ ಸ್ಪೀಕರಿನಿಂದ ಬೇಸ್ ಗಿಟಾರಿನ ಕೆಳಸ್ವರಗಳು ಹೊರಡುವುದೇ ಇಲ್ಲ, ಅಂದರೆ ಆಲ್ಬಮ್ಮಿನ ಕಾಲುಭಾಗ ಕೇಳಿಸದೆ ಹೋಗುತ್ತದೆ. ತಂತಿ ಇರುವ ಸಾಧಾರಣ ಇಯರ್‌ಫೋನ್ ಆದರೂ ಸಾಕು.

ಸ್ಟ್ರೀಮಿಂಗ್‌ನಲ್ಲಿ ಕೇಳುವುದಾದರೆ ಹಾಡುಗಳನ್ನು ಕಲಸುವ ಶಫಲ್ ಆಯ್ಕೆಯನ್ನು ಮೊದಲು ತೆಗೆಯಿರಿ. ‘ಹಿಸ್ಟರಿ ಲೆಸನ್’, ‘ಆಲಜಿ’, ‘ಟ್ಯಾಗ್ ಟೀಮ್ ಪಾರ್ಟ್‌ನರ್ಸ್’ ಎಂಬ ಮೂರು ಕಿರು ತುಣುಕುಗಳು ಅಕ್ಕಪಕ್ಕದ ಹಾಡುಗಳನ್ನು ಬೆಸೆಯುತ್ತವೆ. ಕ್ರಮ ತಪ್ಪಿದರೆ ಅವು ಅನಾಥವಾಗುತ್ತವೆ. ಹಾಡುಗಳ ನಡುವೆ ಅಂತರ ಬಿಡದೆ ನುಡಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಿ. ಈಕ್ವಲೈಜರಿನಲ್ಲಿ ಬೇಸ್ ಹೆಚ್ಚಿಸುವ ಆಸೆ ಬೇಡ. ಹಾಗೆ ಮಾಡಿದರೆ ಕಾಲಿನಿಂದ ಬಡಿಯುವ ದೊಡ್ಡ ಕಿಕ್ ಡ್ರಮ್ಮೂ ಬೇಸ್ ಗಿಟಾರೂ ಒಂದರೊಳಗೊಂದು ಕಲಸಿಹೋಗುತ್ತವೆ. ಅವೆರಡನ್ನು ಬೇರೆ ಬೇರೆಯಾಗಿ ಗುರುತಿಸುವುದೇ ನಮ್ಮ ಮುಂದಿನ ಕೆಲಸ.

ಒಂದೇ ಕೂತಿನಲ್ಲಿ ಇಡೀ ಆಲ್ಬಮ್ ಮುಗಿಸಬೇಕೆಂಬ ಹಟವೂ ಬೇಡ. ನಾನು ಸೂಚಿಸುವ ವಿಭಜನೆ ಇದು: ಮೊದಲ ಹಾಡಿನಿಂದ ಏಳನೆಯದಾದ ‘ಎಲ್ವಿಸ್ ಈಸ್ ಡೆಡ್’ ತನಕ ಒಂದು ದಿನ, ‘ಟೈಪ್’ನಿಂದ ಕೊನೆಯ ತನಕ ಇನ್ನೊಂದು ದಿನ. ಎರಡೂ ಭಾಗ ಕಿವಿಗೆ ಪಳಗಿದ ಮೇಲೆ ಒಟ್ಟಿಗೆ ಕೇಳಿ.

ಹೆಜ್ಜೆ 3: ಲಯವನ್ನು ಬಾಯಲ್ಲಿ ಹೇಳಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ಕರ್ನಾಟಕ ಸಂಗೀತದ ತಾಳದ ಪರಿಚಯ ಸ್ವಲ್ಪವಾದರೂ ಇರುವ ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳಿ.

ಮೊದಲು ನಾಲ್ಕನೇ ಹಾಡು ‘ಲವ್ ರಿಯರ್ಸ್ ಇಟ್ಸ್ ಅಗ್ಲಿ ಹೆಡ್’ ಹಾಕಿ. ಪ್ರೀತಿಗೆ ಸಿಕ್ಕಿಬಿದ್ದೆನಲ್ಲ ಎಂದು ಹೆದರುವ ಗಂಡಸಿನ ಹಾಡು. ಆಲ್ಬಮ್ಮಿನಲ್ಲಿ ಜನರಿಗೆ ಹೆಚ್ಚು ತಲುಪಿದ್ದೂ ಇದೇ, 1991ರಲ್ಲಿ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿತ್ತು. ಅವಸರವಿಲ್ಲದ ಲಯವಾದ್ದರಿಂದ ಎಣಿಕೆ ಕಲಿಯಲು ಹೇಳಿ ಮಾಡಿಸಿದಂತಿದೆ. ತೊಡೆಯ ಮೇಲೆ ನಾಲ್ಕರ ಎಣಿಕೆ ಹಾಕಿ. ಎರಡನೇ ಮತ್ತು ನಾಲ್ಕನೇ ಎಣಿಕೆಯ ಮೇಲೆ ಗಟ್ಟಿಯಾಗಿ ಬೀಳುವ ಸದ್ದು ಸ್ನೇರ್ ಡ್ರಮ್ಮಿನದು. ರಾಕ್, ಫಂಕ್ ಎರಡರ ಬೆನ್ನೆಲುಬೂ ಈ ಎರಡು–ನಾಲ್ಕರ ಪೆಟ್ಟು.

ಇನ್ನು ಪ್ರತಿ ಎಣಿಕೆಯನ್ನೂ ನಾಲ್ಕು ಭಾಗ ಮಾಡಿ: ಒಂದು ಎಣಿಕೆಗೆ ಒಂದು ‘ತಕಧಿಮಿ’. ನಾಲ್ಕು ಎಣಿಕೆಗೆ ನಾಲ್ಕು ತಕಧಿಮಿ, ಒಟ್ಟು 16 ಅಕ್ಷರ. ಫಂಕ್ ಬದುಕುವುದು ಈ 16ರ ಜಾಲರಿಯಲ್ಲಿ. ಅರವತ್ತರ ದಶಕದಲ್ಲಿ ಗಾಯಕ ಜೇಮ್ಸ್ ಬ್ರೌನ್ ತನ್ನ ವಾದ್ಯಗಾರರಿಗೆ ಕೊಟ್ಟ ಕಟ್ಟಪ್ಪಣೆ, ಮೊದಲ ಎಣಿಕೆಯ ‘ತ’ ಮೇಲೆ ಎಲ್ಲರೂ ಒಟ್ಟಿಗೆ ಬೀಳಬೇಕು ಎಂಬುದು. ಅದೊಂದು ಗಟ್ಟಿಯಾಗಿದ್ದರೆ ಉಳಿದ 15 ಅಕ್ಷರಗಳಲ್ಲಿ ಎಲ್ಲಿ ಬೇಕಾದರೂ ಆಟವಾಡಬಹುದು. ಬೇಸ್ ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಗಮನಿಸಿ. ಫಂಕ್‌ನಲ್ಲಿ ನುಡಿಸಿದ ಅಕ್ಷರದಷ್ಟೇ ಬಿಟ್ಟ ಅಕ್ಷರಕ್ಕೂ ತೂಕವಿದೆ.

ಹಾಡನ್ನು ಇನ್ನೊಮ್ಮೆ ಹಾಕಿ, ಈ ಸಲ ಸ್ನೇರ್‌ನ ಎರಡು ದೊಡ್ಡ ಪೆಟ್ಟುಗಳ ನಡುವೆ ಕಿವಿಗೊಡಿ. ಕಡ್ಡಿಯ ತುದಿ ಚರ್ಮವನ್ನು ಸವರಿದಷ್ಟೇ ಮೆಲ್ಲಗಿನ ಪೆಟ್ಟುಗಳು ಕೇಳಿಸುವ ಜಾಗವಿದೆಯೇ ನೋಡಿ. ಡ್ರಮ್ಮರ್‌ಗಳು ಇವನ್ನು ಗೋಸ್ಟ್ ನೋಟ್ ಎನ್ನುತ್ತಾರೆ. ಈ ಸಣ್ಣ ಪೆಟ್ಟುಗಳಿಲ್ಲದ ಲಯ ಒಣಗಿದ ಲಯ. ಫಂಕ್ ಮತ್ತು ಜಾಝ್ ಡ್ರಮ್ಮರುಗಳು ಕೈಯಳತೆಯಲ್ಲಿ ಇಟ್ಟುಕೊಂಡ ಈ ಸೂಕ್ಷ್ಮವನ್ನು ಕಾಲ್ಹೂನ್ ರಾಕ್ ಹಾಡಿನೊಳಗೂ ಒಯ್ಯುತ್ತಾನೆ.

ಈಗ ಮೊದಲ ಹಾಡಾದ ‘ಟೈಮ್ಸ್ ಅಪ್’ಗೆ ಹಿಂತಿರುಗಿ. ಇದು ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್ ತಂಡದ ದಾರಿಯಲ್ಲಿ ಮಾಡಿದ ಹಾಡು. ಬ್ಯಾಡ್ ಬ್ರೇನ್ಸ್ ಸದಸ್ಯರೂ ಕಪ್ಪು ಜನಾಂಗದವರೇ. ಜಾಝ್ ಫ್ಯೂಷನ್ ತಂಡವಾಗಿ ಶುರುವಾಗಿ, ಅಮೆರಿಕದ ಅತಿವೇಗದ ಹಾರ್ಡ್‌ಕೋರ್ ಪಂಕ್‌ಗೆ ಅಡಿಪಾಯ ಹಾಕಿದವರು. ಇಲ್ಲಿ ತಕಧಿಮಿ ಹೇಳಲು ಹೋದರೆ ನಾಲಗೆ ಸೋಲುತ್ತದೆ. ‘ತಕ ತಕ’ ಎಂದು ಎರಡೆರಡು ಅಕ್ಷರ ಹಿಡಿಯಿರಿ: ‘ತ’ ಮೇಲೆ ಕಿಕ್, ‘ಕ’ ಮೇಲೆ ಸ್ನೇರ್. ನಡುವೆ ಹಾಡು ಒಮ್ಮೆಲೇ ಅರ್ಧ ವೇಗಕ್ಕೆ ಇಳಿದಂತೆ ಅನಿಸುವ ಜಾಗ ಬರುತ್ತದೆ. ಅಲ್ಲಿ ಎಣಿಕೆಯನ್ನು ಬಿಡಬೇಡಿ, ಕೈ ಅದೇ ವೇಗದಲ್ಲಿ ನಡೆಯಲಿ. ಸ್ನೇರ್ ಪೆಟ್ಟುಗಳ ನಡುವಿನ ಅಂತರ ಮಾತ್ರ ಹಿಗ್ಗಿರುತ್ತದೆ. ಕಾಲ ಬದಲಾಗದೆ ಭಾರ ಮಾತ್ರ ಬದಲಾಗುವ ಈ ಉಪಾಯವನ್ನು ಮೆಟಲ್ ತಂಡಗಳು ಧಾರಾಳವಾಗಿ ಬಳಸುತ್ತವೆ. ಭೂಮಿಯ ಆಯಸ್ಸು ಮುಗಿಯುತ್ತಿದೆ ಎಂದು ಎಚ್ಚರಿಸುವ ಹಾಡಿಗೆ ಈ ಓಟ, ಈ ಹಠಾತ್ ಭಾರ ಎರಡೂ ಸಲ್ಲುತ್ತವೆ.

ಜಾಝ್‌ನ ತೂಗಾಟಕ್ಕೆ ‘ತಕಿಟ’ ಬೇಕು. ಎಣಿಕೆಯನ್ನು ಮೂರು ಭಾಗ ಮಾಡಿ, ನಡುವಿನ ‘ಕಿ’ಯನ್ನು ನುಂಗಿ, ‘ತ’ ಮತ್ತು ‘ಟ’ ಮಾತ್ರ ಹೇಳುತ್ತಾ ಹೋಗಿ. ಇದೇ ಸ್ವಿಂಗ್. ಇದನ್ನು ಗಡಿಯಾರದಂತೆ ಖಚಿತವಾಗಿ ಯಾರೂ ನುಡಿಸುವುದಿಲ್ಲ. ತಕಧಿಮಿಯ ನೇರ ನಡಿಗೆಗೂ ತಕಿಟದ ತೂಗಾಟಕ್ಕೂ ನಡುವೆ ಎಲ್ಲೋ ಒಂದು ಕಡೆ ವಾದಕ ತನ್ನ ನೆಲೆ ಕಂಡುಕೊಳ್ಳುತ್ತಾನೆ. ಪ್ರತಿ ಹಾಡಿನಲ್ಲಿ ಕಾಲ್ಹೂನ್ ಯಾವ ಕಡೆಗೆ ಹೆಚ್ಚು ವಾಲಿದ್ದಾನೆ ಎಂದು ಬಾಯಲ್ಲಿ ಹೇಳಿಕೊಂಡು ನೋಡಿ. ಹಾಡಿನ ಜಾತಿ ಯಾವುದೆಂದು ಗಿಟಾರಿಗಿಂತ ಮೊದಲೇ ಡ್ರಮ್ಸ್ ನಿಮಗೆ ಹೇಳಿಬಿಡುತ್ತದೆ.

ಹೆಜ್ಜೆ 4: ಬೇಸ್ ಹಿಡಿಯಿರಿ

ಹನ್ನೊಂದನೆಯದಾದ ‘ಆಲಜಿ’ಯಿಂದ ಆರಂಭಿಸಿ. ಇದು ಸ್ಕಿಲಿಂಗ್ಸ್‌ನ ಬೇಸ್ ವಾದನದ ಕಿರು ತುಣುಕು. ಬೇಸ್ ಎಂದರೆ ಹಿನ್ನೆಲೆಯಲ್ಲಿ ಗುಂಯ್‌ಗುಡುವ ಸದ್ದು ಎಂದುಕೊಂಡವರಿಗೆ ಅದರ ಮಧ್ಯಮ, ತಾರ ಸ್ವರಗಳ ಬಣ್ಣ ಇಲ್ಲಿ ಪರಿಚಯವಾಗುತ್ತದೆ. ಈ ಬಣ್ಣವನ್ನು ನೆನಪಿನಲ್ಲಿಟ್ಟುಕೊಂಡು ಬೇರೆ ಹಾಡುಗಳಿಗೆ ಹೋದರೆ ಗಿಟಾರಿನ ಗೋಡೆಯ ಹಿಂದೆಯೂ ಅವನನ್ನು ಗುರುತಿಸಬಹುದು.

ಫಂಕ್ ಬೇಸ್ ವಾದನದ ಒಂದು ಮುಖ್ಯ ತಂತ್ರ ಸ್ಲ್ಯಾಪ್: ಹೆಬ್ಬೆರಳಿನ ಗಿಣ್ಣಿನಿಂದ ತಂತಿಯನ್ನು ಬಡಿದು, ತೋರುಬೆರಳಿನಿಂದ ಇನ್ನೊಂದು ತಂತಿಯನ್ನು ಎಳೆದು ಬಿಡುವುದು. ಇದನ್ನು ರೂಢಿಗೆ ತಂದವನು ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ತಂಡದ ಲ್ಯಾರಿ ಗ್ರಹಾಂ. ತಾಯಿಯ ಜೊತೆ ನುಡಿಸುತ್ತಿದ್ದಾಗ ಅವರಿಗೆ ಡ್ರಮ್ಮರ್ ಇರಲಿಲ್ಲ. ಕಿಕ್ ಡ್ರಮ್ಮಿನ ಬದಲಿಗೆ ಹೆಬ್ಬೆರಳಿನ ಬಡಿತ, ಸ್ನೇರ್‌ನ ಬದಲಿಗೆ ಬೆರಳಿನ ಎಳೆತ ಎಂದು ಅವನು ದಾರಿ ಮಾಡಿಕೊಂಡ. ಫಂಕ್ ಬೇಸ್ ತಾಳವಾದ್ಯದ ಹಾಗೆ ವರ್ತಿಸುವುದು ಏಕೆ ಎಂದು ಈ ಒಂದು ಸಂಗತಿಯಿಂದಲೇ ತಿಳಿಯುತ್ತದೆ.

ಕೇಳುವ ಅಭ್ಯಾಸ ಹೀಗೆ. ಯಾವುದೇ ಒಂದು ಹಾಡಿನಲ್ಲಿ ಕಿಕ್ ಡ್ರಮ್ ಎಲ್ಲಿ ಬೀಳುತ್ತದೆ ಎಂದು ಕಾಲಿನಲ್ಲಿ ತಟ್ಟಿ. ಬೇಸ್ ಆ ತಟ್ಟಿನ ಜೊತೆಗೇ ಇದೆಯೋ, ತಟ್ಟುಗಳ ಸಂದಿಯಲ್ಲಿದೆಯೋ, ಗಿಟಾರಿನ ಸಾಲನ್ನೇ ಕೆಳಸ್ಥಾಯಿಯಲ್ಲಿ ಮತ್ತೆ ಹೇಳುತ್ತಿದೆಯೋ ನೋಡಿ. ಗಿಟಾರಿಗೆ ಅಂಟಿಕೊಂಡಿದ್ದರೆ ಹಾಡು ಆ ಗಳಿಗೆಯಲ್ಲಿ ಮೆಟಲ್ ಕಡೆಗಿದೆ. ಸಂದಿಗಳಲ್ಲಿ ಓಡಾಡುತ್ತಿದ್ದರೆ ಫಂಕ್ ಕಡೆಗಿದೆ. ಒಂದೇ ಹಾಡಿನ ಚರಣಕ್ಕೂ ಪಲ್ಲವಿಗೂ ನಡುವೆ ಈ ನಿಷ್ಠೆ ಬದಲಾಗುವುದನ್ನು ಕಂಡುಹಿಡಿದಾಗ ಸಿಗುವ ಸಂತೋಷ ದೊಡ್ಡದು.

ಹೆಜ್ಜೆ 5: ಸ್ವರಮೇಳದ ಗುಟ್ಟು

ಮೆಟಲ್ ಮತ್ತು ಜಾಝ್ ಒಂದೇ ಹಾಡಿನಲ್ಲಿ ಬಾಳುವುದು ಏಕೆ ಕಷ್ಟ ಎಂಬುದಕ್ಕೆ ಒಂದು ಭೌತಿಕ ಕಾರಣವಿದೆ. ಅದು ತಿಳಿದರೆ ರೀಡ್‌ನ ಕೆಲಸದ ಬೆಲೆ ತಿಳಿಯುತ್ತದೆ.

ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಮೆಟಲ್ ಗಿಟಾರಿನ ಮೂಲಧಾತು ಪವರ್ ಕಾರ್ಡ್. ಅದರಲ್ಲಿರುವುದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ಜೊತೆಗೆ ಬೇಕಾದರೆ ಮೇಲಿನ ಷಡ್ಜ. ಆಂಪ್ಲಿಫೈಯರನ್ನು ಅದರ ಮಿತಿಗಿಂತ ಮೇಲೆ ತಳ್ಳಿದಾಗ ಧ್ವನಿ ಒರಟಾಗುತ್ತದೆ, ಅದೇ ಡಿಸ್ಟಾರ್ಷನ್. ಆಗ ನುಡಿಸಿದ ಸ್ವರಗಳ ಜೊತೆಗೆ ಅವುಗಳ ಕೂಡುವಿಕೆ, ಕಳೆಯುವಿಕೆಯಿಂದ ಹುಟ್ಟಿದ ಹೊಸ ಕಂಪನಗಳೂ ಹೊರಬರುತ್ತವೆ. ಷಡ್ಜ–ಪಂಚಮದ ಸಂಬಂಧ ಸರಳವಾದ್ದರಿಂದ ಆ ಹೊಸ ಕಂಪನಗಳು ಮೂಲಸ್ವರಗಳ ಜೊತೆ ಹೊಂದಿಕೊಂಡು ಧ್ವನಿಯನ್ನು ಇನ್ನಷ್ಟು ದಪ್ಪ ಮಾಡುತ್ತವೆ.

ಜಾಝ್ ಮತ್ತು ಫಂಕ್‌ನ ಕಾರ್ಡ್‌ಗಳಲ್ಲಿ ಜನಸಂದಣಿ ಹೆಚ್ಚು. ಫಂಕ್‌ನಲ್ಲಿ ಮತ್ತೆ ಮತ್ತೆ ಬರುವ ‘ನೈಂತ್’ ಎಂಬ ಕಾರ್ಡ್‌ನಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ, ಮೇಲೊಂದು ಚತುಶ್ರುತಿ ರಿಷಭ ಇರುತ್ತವೆ. ಇದನ್ನು ಗಾಢ ಡಿಸ್ಟಾರ್ಷನ್‌ನಲ್ಲಿ ನುಡಿಸಿದರೆ ಕೇಳುವುದು ಬರೀ ಕೆಸರು. ಹಾಗಾಗಿ ಮೂರು ಶೈಲಿ ಬೆರೆಸುವ ಗಿಟಾರ್ ವಾದಕ ಪ್ರತಿ ಗಳಿಗೆಯಲ್ಲೂ ಆಯ್ಕೆ ಮಾಡಬೇಕು: ಒರಟುತನ ಇಳಿಸಿ ಕಾರ್ಡ್‌ನ ಬಣ್ಣ ಉಳಿಸುವುದೋ, ಬಣ್ಣ ಬಿಟ್ಟು ಭಾರ ಹಿಡಿಯುವುದೋ.

ಕ್ವೀನ್ ಲತೀಫಾ ರ‍್ಯಾಪ್ ಮಾಡಿರುವ ‘ಅಂಡರ್ ಕವರ್ ಆಫ್ ಡಾರ್ಕ್‌ನೆಸ್’ ಕೇಳಿ, ಆಮೇಲೆ ತಕ್ಷಣ ‘ಟೈಪ್’ ಕೇಳಿ. ಗಿಟಾರಿನ ಧ್ವನಿಯ ಒರಟುತನವನ್ನಷ್ಟೇ ಹೋಲಿಸಿ ನೋಡಿ. ಒಂದರಲ್ಲಿ ಕಾರ್ಡ್‌ನ ಒಳಗಿನ ಸ್ವರಗಳನ್ನು ಬೇರೆ ಬೇರೆಯಾಗಿ ಗುನುಗಬಹುದು, ಇನ್ನೊಂದರಲ್ಲಿ ಇಡೀ ಕಾರ್ಡ್ ಒಂದೇ ಗಟ್ಟಿ ಹೊಡೆತವಾಗಿ ಬರುತ್ತದೆ. ನಿಮ್ಮಲ್ಲಿ ಶ್ರುತಿಪೆಟ್ಟಿಗೆಯ ಆ್ಯಪ್ ಇದ್ದರೆ ಹಾಡಿನ ಷಡ್ಜಕ್ಕೆ ಅದನ್ನು ಹೊಂದಿಸಿಕೊಂಡು ಗುನುಗಿ ನೋಡಿ, ಗಾಂಧಾರ ಎಲ್ಲಿ ಬರುತ್ತದೆ, ಎಲ್ಲಿ ಕಾಣೆಯಾಗುತ್ತದೆ ಎಂದು ಬೇಗ ಗೊತ್ತಾಗುತ್ತದೆ.

ರೀಡ್‌ನ ಸೋಲೋಗಳ ವಿಷಯದಲ್ಲಿ ಒಂದು ಕಿವಿಮಾತು. ಆರೋಹಣ ಅವರೋಹಣದ ಶಿಸ್ತನ್ನು ಇಲ್ಲಿ ಹುಡುಕಬೇಡಿ. ಅವನು ಹನ್ನೆರಡು ಸ್ವರಸ್ಥಾನಗಳ ಮೇಲೂ ಓಡಾಡುತ್ತಾನೆ, ಅದೂ ಮಿಂಚಿನ ವೇಗದಲ್ಲಿ. ಪ್ರತಿ ಸ್ವರವನ್ನು ಹಿಡಿಯುವ ಬದಲು ಪ್ರತಿ ವಾಕ್ಯ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹಿಡಿಯಿರಿ. ಎಷ್ಟೇ ಅಲೆದಾಡಿದರೂ ತಾಳದ ಯಾವ ಅಕ್ಷರದ ಮೇಲೆ ಬಂದು ನಿಲ್ಲಬೇಕೆಂದು ಅವನಿಗೆ ಗೊತ್ತಿರುತ್ತದೆ. ಅದು ಜಾಝ್‌ನಿಂದ ಕಲಿತದ್ದು.

ಹೆಜ್ಜೆ 6: ಸಾಹಿತ್ಯ ಓದಿಕೊಂಡು ಹಾಡಿಗೆ ಬನ್ನಿ

ಇಷ್ಟು ಹೊತ್ತು ಕಿವಿಯ ಕೆಲಸವಾಯಿತು. ಈಗ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮಾತಿಗೆ ಈ ಶೈಲಿಯೇ ಏಕೆ?

‘ಎಲ್ವಿಸ್ ಈಸ್ ಡೆಡ್’ ಹಾಡನ್ನು ಹತ್ತಿರದಿಂದ ನೋಡೋಣ. ರಾಕ್ ಅಂಡ್ ರೋಲ್‌ನ ದೊರೆ ಎನಿಸಿಕೊಂಡ ಎಲ್ವಿಸ್ ಪ್ರೆಸ್ಲಿ ತೀರಿಕೊಂಡದ್ದು 1977ರಲ್ಲಿ. ಎಂಬತ್ತರ ದಶಕದ ಕೊನೆಗೆ, ಅವನನ್ನು ಅಲ್ಲಿ ಕಂಡೆವು ಇಲ್ಲಿ ಕಂಡೆವು ಎಂಬ ಸುದ್ದಿಗಳು ಅಮೆರಿಕದ ಟ್ಯಾಬ್ಲಾಯ್ಡ್ ಪತ್ರಿಕೆಗಳಲ್ಲಿ ತುಂಬಿದ್ದವು. ಹಾಡು ಆ ಹುಚ್ಚಿನಿಂದ ಆರಂಭವಾದರೂ ಅದರ ಗುರಿ ಬೇರೆ. ಎಲ್ವಿಸ್‌ಗೆ ಹಾಡಲು ಕಲಿಸಿದವನು ಒಬ್ಬ ಕಪ್ಪು ಮನುಷ್ಯ, ಕಿರೀಟ ಸಿಕ್ಕಿದ್ದು ಮಾತ್ರ ಎಲ್ವಿಸ್‌ಗೆ ಎಂಬುದು ಹಾಡಿನ ಹೃದಯದಲ್ಲಿರುವ ಮಾತು. ಅದಕ್ಕೂ ಒಂದು ವರ್ಷದ ಹಿಂದೆ ಪಬ್ಲಿಕ್ ಎನಿಮಿ ತಂಡ ತನ್ನ ರ‍್ಯಾಪ್ ಹಾಡೊಂದರಲ್ಲಿ ಎಲ್ವಿಸ್‌ನನ್ನು ನೇರವಾಗಿ ಕೆಣಕಿತ್ತು. ಲಿವಿಂಗ್ ಕಲರ್ ಅದೇ ಸಾಲನ್ನು ಎತ್ತಿಕೊಂಡು ತಿರುವು ಕೊಡುತ್ತದೆ.

ಇನ್ನು ಆ ಹಾಡಿಗೆ ಯಾರನ್ನು ಕರೆದರು ನೋಡಿ. ಮಾತನಾಡಲು ಬರುವವನು ಲಿಟಲ್ ರಿಚರ್ಡ್. 1955ರಲ್ಲೇ ರಾಕ್ ಅಂಡ್ ರೋಲ್‌ಗೆ ಕಿಚ್ಚು ಹಚ್ಚಿದವನು, ಮರುವರ್ಷ ಎಲ್ವಿಸ್ ರೆಕಾರ್ಡ್ ಮಾಡಿಕೊಂಡದ್ದು ಅವನ ಹಾಡುಗಳನ್ನೇ. ಸ್ಯಾಕ್ಸೊಫೋನ್ ನುಡಿಸುವವನು ಮೇಸಿಯೋ ಪಾರ್ಕರ್, ಜೇಮ್ಸ್ ಬ್ರೌನ್ ತಂಡದಲ್ಲಿ ಫಂಕ್ ಹುಟ್ಟಿದಾಗ ಅಲ್ಲಿಯೇ ಇದ್ದವನು. ಹಿನ್ನೆಲೆ ಧ್ವನಿಗಳಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜ್ಯಾಗರ್ ಇದ್ದಾನೆ. ಕಪ್ಪು ಜನರ ಬ್ಲೂಸ್ ಕೇಳಿ ಬೆಳೆದ ಆ ಬ್ರಿಟಿಷ್ ಗಾಯಕ ಲಿವಿಂಗ್ ಕಲರ್‌ಗೆ ಆರಂಭದ ದಿನಗಳಲ್ಲಿ ಡೆಮೊ, ಅಂದರೆ ಕಂಪನಿಗಳಿಗೆ ಕೇಳಿಸುವ ಮಾದರಿ ಧ್ವನಿಮುದ್ರಣ, ಮಾಡಿಸಿಕೊಟ್ಟಿದ್ದ, 1989ರಲ್ಲಿ ರೋಲಿಂಗ್ ಸ್ಟೋನ್ಸ್ ಪ್ರವಾಸದಲ್ಲಿ ಅವರು ಮೊದಲು ವೇದಿಕೆ ಏರುವಂತಾಗಿತ್ತು. ರಾಕ್ ಯಾರದು ಎಂಬ ವಾದಕ್ಕೆ ಸಾಕ್ಷಿಗಳನ್ನೇ ಸ್ಟುಡಿಯೋಗೆ ಕರೆಸಿದ್ದಾರೆ. ಶೈಲಿ ಫಂಕ್ ಆಗಿರುವುದರಿಂದ ಪಾರ್ಕರ್‌ನ ಸ್ಯಾಕ್ಸೊಫೋನ್ ಬಂದಾಗ ಅದು ಅತಿಥಿಯ ಪ್ರವೇಶದಂತೆ ಕೇಳಿಸುವುದಿಲ್ಲ, ಮನೆಯೊಡೆಯ ಬಂದಂತೆ ಕೇಳಿಸುತ್ತದೆ.

ಬೇರೆ ಹಾಡುಗಳಿಗೂ ಇದೇ ಪ್ರಶ್ನೆ ಹಾಕಿ. ‘ಪ್ರೈಡ್’ ಶಾಲೆಯಲ್ಲಿ ಹೇಳಿಕೊಡುವ ಇತಿಹಾಸವನ್ನು ಅನುಮಾನಿಸುವ ಹಾಡು, ಅದರ ಸಿಟ್ಟಿಗೆ ಭಾರವಾದ ಗಿಟಾರ್ ಬೇಕು. ಅದರ ಹಿಂದಿನ ತುಣುಕು ‘ಹಿಸ್ಟರಿ ಲೆಸನ್’ ಎಂಬುದನ್ನು ನೆನಪಿಡಿ. ಪಾಠ ಮೊದಲು, ಸಿಟ್ಟು ಆಮೇಲೆ. ‘ನ್ಯೂ ಜ್ಯಾಕ್ ಥೀಮ್’ ಮಾದಕವಸ್ತು ಮಾರುವವನ ಬಾಯಲ್ಲೇ ಬರುವ ಹಾಡು. ‘ಇನ್ಫರ್ಮೇಷನ್ ಓವರ್‌ಲೋಡ್’ ಮಾಹಿತಿಯ ಹೊರೆಯ ಬಗ್ಗೆ. ಮನೆಮನೆಗೆ ಇಂಟರ್ನೆಟ್ ಬರುವ ಮೊದಲೇ ಬರೆದದ್ದು, ಇವತ್ತು ಓದಿದರೆ ಮೈ ಜುಮ್ಮೆನ್ನುತ್ತದೆ. ‘ಫೈಟ್ ದ ಫೈಟ್’, ‘ಸಮ್‌ಒನ್ ಲೈಕ್ ಯು’ ಎರಡೂ ಒಳ್ಳೆಯ ಹಾಡುಗಳೇ, ಆದರೆ ಮೊದಲ ಸುತ್ತಿನಲ್ಲಿ ಅವುಗಳ ಮೇಲೆ ಹೆಚ್ಚು ನಿಲ್ಲಬೇಕಿಲ್ಲ.

‘ಸಾಲೆಸ್ ಆಫ್ ಯು’ ಮೇಲೆ ಮಾತ್ರ ಖಂಡಿತ ನಿಲ್ಲಿ. ಒರಟುತನ ಪೂರ್ತಿ ಕಳಚಿ, ಆಫ್ರಿಕಾದ ಪಾಪ್ ಸಂಗೀತದ ತಿಳಿಯಾದ, ಗೆಜ್ಜೆಯಂತೆ ಉದುರುವ ಗಿಟಾರ್ ಸಾಲುಗಳು ಇಲ್ಲಿ ಕೇಳಿಸುತ್ತವೆ. ಜಾಝ್, ಫಂಕ್, ರಾಕ್ ಎಲ್ಲದರ ಹಿಂದಿನ ನೆಲಕ್ಕೆ ಆಲ್ಬಮ್ ಈ ಹಾಡಿನಲ್ಲಿ ಕಾಲಿಡುತ್ತದೆ. ಅದಾದ ಮೇಲೆ ಬರುವ ಕೊನೆಯ ಹಾಡು ‘ದಿಸ್ ಈಸ್ ದ ಲೈಫ್’, ಬೇರೊಂದು ಬದುಕಿನಲ್ಲಿ ನೀನು ಏನೆಲ್ಲ ಆಗಿರಬಹುದಿತ್ತು ಎಂದು ಪಟ್ಟಿ ಮಾಡುತ್ತಾ, ನಿನಗೆ ಸಿಕ್ಕಿರುವುದು ಈ ಬದುಕು ಎನ್ನುತ್ತದೆ. ಗ್ಲೋವರ್‌ನ ಗಾಯನ ಇಡೀ ಆಲ್ಬಮ್ಮಿನಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಇಲ್ಲಿ. ಕೂಗುವ ಶಕ್ತಿ ಇದ್ದೂ ಅವನು ಎಷ್ಟು ಹೊತ್ತು ತಡೆದುಕೊಳ್ಳುತ್ತಾನೆ ಎಂಬುದನ್ನು ಗಮನಿಸಿ.

ಹೆಜ್ಜೆ 7: ನುಡಿಸುವವರಿಗೆ

ವಾದ್ಯ ಕೈಯಲ್ಲಿರುವವರು ಇಲ್ಲಿಂದ ಮುಂದೆ ಹೋಗಬಹುದು. ಉಳಿದವರು ಈ ಹೆಜ್ಜೆ ಬಿಟ್ಟರೆ ನಷ್ಟವಿಲ್ಲ.

ಗಿಟಾರ್ ವಾದಕರು ಮೊದಲು ಬಲಗೈಯ ಎರಡು ನಡೆಗಳನ್ನು ಬೇರೆ ಬೇರೆಯಾಗಿ ಪಳಗಿಸಿಕೊಳ್ಳಬೇಕು. ಮೆಟಲ್‌ಗೆ ಅಂಗೈಯ ಅಂಚನ್ನು ಬ್ರಿಡ್ಜ್‌ನ ಮೇಲೆ, ತಂತಿ ಹೊರಡುವ ಜಾಗದಲ್ಲಿ, ಹಗುರವಾಗಿ ಊರಿ ನುಡಿಸಿ. ಕೈ ತುಸು ಮುಂದೆ ಸರಿದರೆ ಸ್ವರ ಸತ್ತುಹೋಗುತ್ತದೆ, ಹಿಂದೆ ಸರಿದರೆ ತೆರೆದುಕೊಳ್ಳುತ್ತದೆ. ನಡುವಿನ ಜಾಗ ಕೈಗೆ ಗೊತ್ತಾಗುವ ತನಕ ಒಂದೇ ತಂತಿಯ ಮೇಲೆ ಅಭ್ಯಾಸ ಮಾಡಿ. ಫಂಕ್‌ಗೆ ಬಲಗೈ ನಿಲ್ಲದೆ 16 ಅಕ್ಷರಗಳಿಗೂ ಮೇಲೆ ಕೆಳಗೆ ಆಡುತ್ತಿರಲಿ. ಯಾವ ಅಕ್ಷರ ಕೇಳಿಸಬೇಕು ಎಂದು ತೀರ್ಮಾನಿಸುವುದು ಎಡಗೈ: ಬೆರಳು ಒತ್ತಿದರೆ ಕಾರ್ಡ್, ಸಡಿಲಿಸಿದರೆ ಬರೀ ‘ಚಿಕ್’ ಎಂಬ ಸದ್ದು. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಬಾಯಲ್ಲಿ ತಕಧಿಮಿ ಹೇಳುತ್ತಾ ಮಾಡಿ. ಎರಡೂ ನಡೆ ಕೈಗೆ ಬಂದ ಮೇಲೆ ನಾಲ್ಕು ಆವರ್ತ ಒಂದು, ನಾಲ್ಕು ಆವರ್ತ ಇನ್ನೊಂದು ಎಂದು ಬದಲಾಯಿಸಿ. ಆ ಬದಲಾವಣೆಯ ಗಳಿಗೆಯಲ್ಲಿ ಕಾಲ ಓಡದಂತೆ ನೋಡಿಕೊಳ್ಳುವುದೇ ಕಷ್ಟದ ಭಾಗ.

ಬೇಸ್ ವಾದಕರು ಬಿಟ್ಟ ಅಕ್ಷರದಲ್ಲಿ ತಂತಿ ನಿಜವಾಗಿಯೂ ಮೌನವಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಉಳಿದ ಗುಂಯ್‌ಕಾರ ಸಿಕ್ಕಿಬೀಳುತ್ತದೆ. ಡ್ರಮ್ಮರುಗಳಿಗೆ ನನ್ನ ಸಲಹೆ, ದೊಡ್ಡ ಪೆಟ್ಟು ಮತ್ತು ಗೋಸ್ಟ್ ನೋಟ್‌ಗಳ ನಡುವೆ ಕಡ್ಡಿಯ ಎತ್ತರದ ವ್ಯತ್ಯಾಸವನ್ನು ಸಾಧ್ಯವಾದಷ್ಟು ಹಿಗ್ಗಿಸಿ. ಸಣ್ಣ ಪೆಟ್ಟಿಗೆ ಕಡ್ಡಿ ಎರಡು ಬೆರಳಿನ ಎತ್ತರಕ್ಕಿಂತ ಮೇಲೆ ಏಳಬಾರದು.

ಎಡವುವ ಜಾಗಗಳು

ಮೆಟಲ್ ಅಭ್ಯಾಸವಿಲ್ಲದವರಿಗೆ ಮೊದಲ ಹಾಡು ಗದ್ದಲವಾಗಿ ಕೇಳಿಸಿದರೆ ಧ್ವನಿ ತಗ್ಗಿಸಿ ಕೇಳಿ. ಕಡಿಮೆ ಧ್ವನಿಯಲ್ಲಿ ಡಿಸ್ಟಾರ್ಷನ್ ಹಿಂದೆ ಸರಿದು ಗಾಯನದ ರಾಗ ಎದ್ದು ಬರುತ್ತದೆ. ಅದೂ ಆಗದಿದ್ದರೆ ‘ಸಾಲೆಸ್ ಆಫ್ ಯು’, ‘ಲವ್ ರಿಯರ್ಸ್’, ‘ಎಲ್ವಿಸ್ ಈಸ್ ಡೆಡ್’ ಎಂಬ ಕ್ರಮದಲ್ಲಿ ಒಳಗೆ ಬನ್ನಿ. ಮೆಟಲ್ ಕೇಳಿಯೇ ಬೆಳೆದವರ ಕಷ್ಟ ತಿರುಗುಮುರುಗು: ಅವರಿಗೆ ಮೊದಲ ಹಾಡು, ‘ಟೈಪ್’ ತಕ್ಷಣ ಹಿಡಿಸುತ್ತವೆ, ಉಳಿದವು ನೀರಸವೆನಿಸಿ ಮುಂದಕ್ಕೆ ಹಾರಿಸುತ್ತಾರೆ. ಅವರು ಮೂರನೇ ಹೆಜ್ಜೆಯನ್ನು ಮತ್ತೊಮ್ಮೆ ಶ್ರದ್ಧೆಯಿಂದ ಮಾಡಬೇಕು. ಫಂಕ್‌ನ ಭಾರ ಗಿಟಾರಿನಲ್ಲಿ ಇಲ್ಲ, ಎಣಿಕೆಯಲ್ಲಿ ಇದೆ.

ತಂಡದ ಮೊದಲ ಆಲ್ಬಮ್ಮಿನ ‘ಕಲ್ಟ್ ಆಫ್ ಪರ್ಸನಾಲಿಟಿ’ಯ ಹಾಗೆ ಒಂದೇ ಏಟಿಗೆ ಹಿಡಿಯುವ ಹಾಡನ್ನು ಇಲ್ಲಿ ಕಾಯುತ್ತಾ ಕುಳಿತರೆ ನಿರಾಶೆಯಾಗಬಹುದು. ಆ ಹಾಡಿಗೆ 1990ರ ಆರಂಭದಲ್ಲೇ ಗ್ರ್ಯಾಮಿ ಬಂದಿತ್ತು, ಅದೇ ಅಚ್ಚಿನಲ್ಲಿ ಇನ್ನೊಂದು ಎರಕ ಹೊಯ್ಯುವುದು ಸುಲಭವಿತ್ತು. ಅವರು ಹಾಗೆ ಮಾಡದೆ ಹರವು ಹೆಚ್ಚಿಸಿಕೊಂಡರು ಎಂಬುದಕ್ಕೇ ನನಗೆ ಈ ಆಲ್ಬಮ್ ಮೇಲೆ ಇಷ್ಟು ಗೌರವ.

ಮುಂದೇನು ಕೇಳಬೇಕು

ಹಿಂದಕ್ಕೆ ಹೋಗುವವರು ಬ್ಯಾಡ್ ಬ್ರೇನ್ಸ್, ಜೇಮ್ಸ್ ಬ್ರೌನ್ ತಂಡದ ಅರವತ್ತರ ದಶಕದ ಕೊನೆಯ ರೆಕಾರ್ಡಿಂಗ್‌ಗಳು, ಜಿಮಿ ಹೆಂಡ್ರಿಕ್ಸ್ 1970ರ ಹೊಸವರ್ಷದ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಬಿಲ್ಲಿ ಕಾಕ್ಸ್, ಬಡಿ ಮೈಲ್ಸ್ ಜೊತೆ ಕೊಟ್ಟ ಕಛೇರಿಗಳ ಧ್ವನಿಮುದ್ರಣ, ಇಷ್ಟನ್ನು ಕೇಳಬೇಕು. ಕೊನೆಯದಂತೂ ತಪ್ಪಿಸಲೇಬಾರದು, ಮೂವರು ಕಪ್ಪು ವಾದಕರು ರಾಕ್ ಮತ್ತು ಫಂಕ್ ನಡುವಿನ ಬಾಗಿಲನ್ನು ತೆರೆದಿಟ್ಟ ಸಂದರ್ಭ ಅದು. ಮುಂದಕ್ಕೆ ಹೋಗುವವರಿಗೆ 1993ರ ‘ಸ್ಟೇನ್’ ಇದೆ. ಅಷ್ಟರಲ್ಲಿ ಸ್ಕಿಲಿಂಗ್ಸ್ ತಂಡ ಬಿಟ್ಟಿದ್ದ, ಬೇಸ್ ಡಗ್ ವಿಂಬಿಶ್‌ನ ಕೈಗೆ ಬಂದಿತ್ತು. ಧ್ವನಿ ಇನ್ನಷ್ಟು ಕಪ್ಪಗೆ, ದಟ್ಟವಾಗಿದೆ. ಅದನ್ನು ಕೇಳುವಾಗಲೂ ಡ್ರಮ್ಸ್‌ನಿಂದಲೇ ಆರಂಭಿಸಿ, ವಿಂಬಿಶ್ ಕಿಕ್ ಡ್ರಮ್ಮಿನ ಯಾವ ಪಕ್ಕದಲ್ಲಿ ನಿಲ್ಲುತ್ತಾನೆ ಎಂದು ಮೊದಲು ಪತ್ತೆ ಮಾಡಿ.